ನರರೋಗ ತಜ್ಞರ ಮೊದಲ ಭೇಟಿ: ಮನೆಯಿಂದ ಹೊರಡುವ ಮುನ್ನ ಮತ್ತು ಹೋದ ಮೇಲೆ

ನನ್ನ ತಂದೆಯವರ ಬಲಗೈ ನಡುಗುತ್ತಿದೆಯೆಂದು ಮೊದಲ ಬಾರಿ ನರರೋಗ ತಜ್ಞರ ಬಳಿಗೆ ಕರೆದೊಯ್ದಾಗ, ‘ಇದು ಶುರುವಾಗಿ ಎಷ್ಟು ದಿನವಾಯಿತು?’ ಎಂಬ ಪ್ರಶ್ನೆಗೆ ನಾವಿಬ್ಬರೂ ಒಂದೇ ದನಿಯಲ್ಲಿ ‘ಎರಡು ತಿಂಗಳು’ ಎಂದೆವು. ವೈದ್ಯರು ಅದನ್ನು ಬರೆದುಕೊಂಡು, ತಂದೆಯವರ ಮುಂದೆ ಒಂದು ಬಿಳಿ ಹಾಳೆಯನ್ನಿಟ್ಟು, ಊರಿನ ವಿಳಾಸವನ್ನು ಬರೆಯಲು ಹೇಳಿದರು. ಮೊದಲ ಪದ ಎಂದಿನಂತೆ ಗುಂಡಗೆ ಬಂತು. ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಅಕ್ಷರಗಳು ಸಾಸಿವೆ ಕಾಳಿನಷ್ಟಾಗಿದ್ದವು. ಹಳೆಯ ಬರವಣಿಗೆ ಏನಾದರೂ ಮನೆಯಲ್ಲಿದ್ದರೆ ತನ್ನಿ ಎಂದು ಅವರು ಹೇಳಿದ್ದರಿಂದ, ಮುಂದಿನ ಭೇಟಿಗೆ ನಮ್ಮ ದಿನಸಿ ಅಂಗಡಿಯ ಉದ್ದರಿ ಪುಸ್ತಕಗಳನ್ನು ಒಯ್ದೆವು. ಪುಟ ತಿರುವಿದಂತೆಲ್ಲ ನಮಗೇ ಕಾಣಿಸಿತು: ಒಂದೂವರೆ ವರ್ಷದ ಹಿಂದಿನಿಂದಲೇ ಅಕ್ಷರಗಳು ಕುಗ್ಗುತ್ತ ಬಂದಿದ್ದವು. ದಿನವೂ ಆ ಪುಸ್ತಕವನ್ನು ನೋಡುತ್ತಿದ್ದ ನಮ್ಮಲ್ಲಿ ಯಾರೂ ಅದನ್ನು ಗಮನಿಸಿರಲಿಲ್ಲ. ಪಾರ್ಕಿನ್ಸನ್ ಕಾಯಿಲೆ ಎಂಬ ನಿರ್ಣಯಕ್ಕೆ ವೈದ್ಯರು ಬಂದದ್ದು ತಮ್ಮ ಕೈಪರೀಕ್ಷೆಯಿಂದ ಮತ್ತು ಆ ಪುಟಗಳಿಂದ. ಮೊದಲೇ ಬೇರೆ ಕಡೆ ಮಾಡಿಸಿದ್ದ ಮೆದುಳಿನ ಸ್ಕ್ಯಾನ್‌ನಲ್ಲಿ ಏನೂ ಕಂಡಿರಲಿಲ್ಲ.

ನರರೋಗ ವಿಭಾಗದ ವಿಶೇಷವೇ ಇದು. ಅರೆತಲೆನೋವು, ಪಾರ್ಕಿನ್ಸನ್, ಹಲವು ಬಗೆಯ ಮೂರ್ಛೆರೋಗ ಇವುಗಳಲ್ಲಿ ಸಾಮಾನ್ಯ ಸ್ಕ್ಯಾನ್ ಏನನ್ನೂ ತೋರಿಸದಿರಬಹುದು, ಆದರೂ ಕಾಯಿಲೆ ಇರುತ್ತದೆ. ಅದನ್ನು ಗುರುತಿಸುವುದು ರೋಗಿ ಹೇಳುವ ವಿವರಣೆಯಿಂದ, ಜೊತೆಗಿದ್ದವರು ಕಣ್ಣಾರೆ ಕಂಡದ್ದರಿಂದ, ಮತ್ತು ವೈದ್ಯರು ಮೈಮುಟ್ಟಿ ಮಾಡುವ ಪರೀಕ್ಷೆಯಿಂದ. ಹಾಗಾಗಿ ಮೊದಲ ಭೇಟಿಯ ಅರ್ಧ ಕೆಲಸ ಮನೆಯಲ್ಲೇ ಆಗಬೇಕು. ಆ ಕೆಲಸವನ್ನು ಹೇಗೆ ಮಾಡಿಕೊಳ್ಳಬೇಕು, ಆಸ್ಪತ್ರೆಯಲ್ಲಿ ಏನೇನು ನಡೆಯುತ್ತದೆ ಎಂಬುದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಮೊದಲು ನೋಡಬೇಕಾದದ್ದು: ಇದು ಕಾಯುವಂಥದ್ದೇ?

ಕೆಲವು ತೊಂದರೆಗಳಿಗೆ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಲೇಬಾರದು, ನೇರವಾಗಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು. ಇದ್ದಕ್ಕಿದ್ದಂತೆ ಮುಖ ಒಂದು ಬದಿಗೆ ಸೊಟ್ಟಗಾದರೆ, ಒಂದು ಕೈ ಅಥವಾ ಕಾಲಿನ ಶಕ್ತಿ ಉಡುಗಿದರೆ, ಮಾತು ತೊದಲಿದರೆ ಅಥವಾ ನಿಂತುಹೋದರೆ, ಒಂದು ಕಣ್ಣಿಗೆ ಕತ್ತಲೆ ಕವಿದರೆ ಅದನ್ನು ಪಾರ್ಶ್ವವಾಯು, ಅಂದರೆ ನಾವು ಲಕ್ವ ಎನ್ನುವುದು, ಎಂದೇ ಭಾವಿಸಿ 108ಕ್ಕೆ ಕರೆ ಮಾಡಬೇಕು, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಬೇಕು. ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ತೊಂದರೆ ಆರಂಭವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ಆದ್ದರಿಂದ ರೋಗಿ ಕೊನೆಯದಾಗಿ ಸರಿಯಾಗಿದ್ದ ಸಮಯ ಯಾವುದೆಂದು ನೆನಪಿಟ್ಟುಕೊಳ್ಳುವುದು ಬಹಳ ಮುಖ್ಯ. ಬಾಯಿಗೆ ನೀರು, ಆಹಾರ ಹಾಕಬಾರದು. ಸ್ಕ್ಯಾನ್ ಆಗುವ ಮೊದಲು ಆಸ್ಪಿರಿನ್ ಮಾತ್ರೆಯನ್ನೂ ಕೊಡಬಾರದು, ಏಕೆಂದರೆ ಮೆದುಳಿನಲ್ಲಿ ರಕ್ತಸ್ರಾವವಾಗಿದ್ದರೆ ಅದು ಹಾನಿ ಮಾಡುತ್ತದೆ. ಎಣ್ಣೆ ತಿಕ್ಕಿಸಲು ಹೋಗಿ ಕಳೆದ ಆ ಕೆಲವು ಗಂಟೆಗಳು ಮರಳಿ ಬರುವುದಿಲ್ಲ.

ಐದು ನಿಮಿಷಕ್ಕಿಂತ ಹೆಚ್ಚು ಹೊತ್ತು ನಿಲ್ಲದ ಫಿಟ್ಸ್, ಎಚ್ಚರ ಬರುವ ಮೊದಲೇ ಮತ್ತೆ ಮತ್ತೆ ಬರುವ ಫಿಟ್ಸ್, ಸಿಡಿಲು ಬಡಿದಂತೆ ಕ್ಷಣದಲ್ಲಿ ಬಂದ ಹಿಂದೆಂದೂ ಕಾಣದ ತಲೆನೋವು, ಜ್ವರದ ಜೊತೆಗೆ ಕುತ್ತಿಗೆ ಸೆಡೆತ ಮತ್ತು ಮಂಪರು, ಕಾಲಿನಿಂದ ಶುರುವಾಗಿ ಕೆಲವೇ ದಿನಗಳಲ್ಲಿ ಮೇಲಕ್ಕೇರುವ ನಿಶ್ಶಕ್ತಿ, ಬೆನ್ನುನೋವಿನ ಜೊತೆಗೆ ಮೂತ್ರ ಕಟ್ಟುವುದು ಇವೂ ಕಾಯುವಂಥವಲ್ಲ.

ಯಾರ ಬಳಿಗೆ, ಎಲ್ಲಿಗೆ?

ನರರೋಗ ತಜ್ಞರು, ನರಶಸ್ತ್ರಚಿಕಿತ್ಸಕರು ಮತ್ತು ಮನೋವೈದ್ಯರು ಮೂವರೂ ಬೇರೆ ಬೇರೆ. ಮೊದಲಿನವರ ಹೆಸರಿನ ಮುಂದೆ ಸಾಮಾನ್ಯವಾಗಿ ಡಿ.ಎಂ. ನ್ಯೂರಾಲಜಿ ಎಂದಿರುತ್ತದೆ, ಅವರು ಔಷಧಿಯಿಂದ ಚಿಕಿತ್ಸೆ ಮಾಡುತ್ತಾರೆ. ಎಂ.ಸಿಎಚ್. ಎಂದಿರುವವರು ಶಸ್ತ್ರಚಿಕಿತ್ಸೆ ಮಾಡುವವರು. ತಲೆನೋವು, ಫಿಟ್ಸ್, ನಡುಕ, ಮರೆವು, ಕೈಕಾಲು ಜೋಮು ಇವುಗಳಿಗೆ ಮೊದಲು ನರರೋಗ ತಜ್ಞರನ್ನು ಕಾಣುವುದು ಸರಿ.

ಬೆಂಗಳೂರಿನ ಹೊಸೂರು ರಸ್ತೆಯಲ್ಲಿರುವ ನಿಮ್ಹಾನ್ಸ್‌ಗೆ ಹೋಗಿ ಎಂದು ಹೇಳಿದ ಕೂಡಲೇ ಎಷ್ಟೋ ಮನೆಗಳಲ್ಲಿ ಮೌನ ಕವಿಯುತ್ತದೆ. ಅಲ್ಲಿಗೆ ಹೋದರೆ ಊರಿನವರು ಏನೆಂದುಕೊಳ್ಳುತ್ತಾರೋ ಎಂಬ ಹೆದರಿಕೆ ಅದಕ್ಕೆ ಕಾರಣ. 1974ರಲ್ಲಿ ಹಳೆಯ ಮಾನಸಿಕ ಆಸ್ಪತ್ರೆ ಮತ್ತು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಒಂದಾಗಿ ರೂಪುಗೊಂಡ ಆ ಸಂಸ್ಥೆಯ ಹೆಸರಿನಲ್ಲಿ ಮಾನಸಿಕ ಆರೋಗ್ಯದ ಜೊತೆಗೆ ನರವಿಜ್ಞಾನವೂ ಇದೆ. ಫಿಟ್ಸ್, ಪಾರ್ಶ್ವವಾಯು, ಪಾರ್ಕಿನ್ಸನ್ ರೋಗಿಗಳು ದೊಡ್ಡ ಸಂಖ್ಯೆಯಲ್ಲಿ ಅಲ್ಲಿಗೆ ಬರುತ್ತಾರೆ. ಆದರೆ ಎಲ್ಲರೂ ಬೆಂಗಳೂರಿಗೇ ಬರಬೇಕಾಗಿಲ್ಲ. ಹಲವು ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ನರರೋಗ ವಿಭಾಗವಿದೆ. ರಾಜ್ಯ ಸರ್ಕಾರವು ನಿಮ್ಹಾನ್ಸ್ ಜೊತೆಗೂಡಿ 2022ರಲ್ಲಿ ಆರಂಭಿಸಿದ ಕರ್ನಾಟಕ ಮೆದುಳು ಆರೋಗ್ಯ ಯೋಜನೆಯಡಿ, ಸರ್ಕಾರಿ ಆಸ್ಪತ್ರೆಗಳಲ್ಲೇ ಮೆದುಳು ಆರೋಗ್ಯ ಕ್ಲಿನಿಕ್‌ಗಳನ್ನು ತೆರೆಯುವ ಕೆಲಸ ನಡೆದಿದೆ. ಮೊದಲು ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಅಲ್ಲಿಂದ ಮುಂದಕ್ಕೆ ಕಳುಹಿಸಬೇಕಾದರೆ ಅವರು ಕೊಡುವ ಶಿಫಾರಸು ಪತ್ರವು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಒಳರೋಗಿಯಾಗಿ ಚಿಕಿತ್ಸೆ ಪಡೆಯುವ ಸಂದರ್ಭ ಬಂದರೆ ನೆರವಾಗುತ್ತದೆ. ಆಧಾರ್ ಮತ್ತು ಪಡಿತರ ಚೀಟಿಯನ್ನು ಜೊತೆಯಲ್ಲಿ ಇಟ್ಟುಕೊಂಡು, ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿದರೆ ಯಾವುದಕ್ಕೆ ಸೌಲಭ್ಯವಿದೆ ಎಂದು ಹೇಳುತ್ತಾರೆ.

ಒಂದು ಹಾಳೆಯಲ್ಲಿ ನಿಮ್ಮ ಕಾಯಿಲೆಯ ಚರಿತ್ರೆ

ಭೇಟಿಗೆ ಎರಡು ಮೂರು ದಿನ ಮೊದಲೇ ಒಂದು ಹಾಳೆ ತೆಗೆದುಕೊಂಡು ಬರೆಯಲು ಕುಳಿತುಕೊಳ್ಳಿ. ಮೊದಲ ಬಾರಿ ತೊಂದರೆ ಕಾಣಿಸಿಕೊಂಡದ್ದು ಯಾವಾಗ, ಆಗ ಏನು ಮಾಡುತ್ತಿದ್ದಿರಿ, ಅದು ಎಷ್ಟು ಹೊತ್ತು ಇತ್ತು, ಆಮೇಲೆ ಎಷ್ಟು ಸಲ ಬಂತು, ದಿನೇ ದಿನೇ ಹೆಚ್ಚುತ್ತಿದೆಯೇ ಅಥವಾ ಬಂದು ಹೋಗುತ್ತಿದೆಯೇ ಎಂಬುದನ್ನು ಬರೆಯಿರಿ. ತಾರೀಖು ನೆನಪಿಲ್ಲದಿದ್ದರೆ ಹಬ್ಬ, ಬಿತ್ತನೆ, ಮಗಳ ಮದುವೆ, ಶಾಲೆಯ ಪರೀಕ್ಷೆ ಇಂಥ ಗುರುತುಗಳಿಂದ ಲೆಕ್ಕ ಹಾಕಬಹುದು. ‘ಕಳೆದ ಯುಗಾದಿಗೆ ಒಬ್ಬಟ್ಟು ತಟ್ಟುವಾಗ ಕೈ ಚೆನ್ನಾಗಿತ್ತು, ದೀಪಾವಳಿ ಹೊತ್ತಿಗೆ ಸೀರೆಗೆ ಪಿನ್ನು ಹಾಕಿಕೊಳ್ಳಲು ಆಗುತ್ತಿರಲಿಲ್ಲ’ ಎಂದು ಬರೆದರೆ, ಅದರಲ್ಲಿ ಕಾಲವೂ ಇದೆ, ಕೈಯ ಯಾವ ಕೆಲಸ ಕೆಟ್ಟಿದೆ ಎಂಬ ಸುಳಿವೂ ಇದೆ. ವೈದ್ಯರಿಗೆ ಇದಕ್ಕಿಂತ ಒಳ್ಳೆಯ ಮಾಹಿತಿ ಬೇಕಿಲ್ಲ.

ಇಲ್ಲಿ ನಮ್ಮ ಮಾತಿನ ಬಗೆಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅತಿ ಹೆಚ್ಚು ಗೊಂದಲವಾಗುವುದು ಇಲ್ಲಿಯೇ. ಕನ್ನಡದಲ್ಲಿ ‘ಮೂರ್ಛೆ ಹೋದರು’ ಎಂದರೆ ಬಿಸಿಲಿಗೆ ಕಣ್ಣು ಕತ್ತಲಿಟ್ಟು ಕುಸಿದದ್ದೂ ಆಗಬಹುದು, ಕೈಕಾಲು ಸೆಟೆದು ಒದರಿದ ಫಿಟ್ಸ್ ಕೂಡ ಆಗಬಹುದು. ಒಂದು ಹೃದಯಕ್ಕೋ ರಕ್ತದೊತ್ತಡಕ್ಕೋ ಸಂಬಂಧಿಸಿದ್ದು, ಇನ್ನೊಂದು ಮೆದುಳಿಗೆ ಸಂಬಂಧಿಸಿದ್ದು. ಚಿಕಿತ್ಸೆ ಪೂರಾ ಬೇರೆ. ‘ತಲೆಸುತ್ತು’ ಎಂಬುದು ಇನ್ನೂ ಕಷ್ಟದ ಮಾತು. ಮನೆಯ ಗೋಡೆಗಳೇ ಗಿರ್ರೆಂದು ತಿರುಗಿದಂತೆ ಆಗುವುದು ಒಂದು, ಎದ್ದು ನಿಂತೊಡನೆ ಬೀಳುವಂತಾಗುವುದು ಇನ್ನೊಂದು, ತಲೆ ಸರಿಯಾಗಿದ್ದರೂ ನಡೆಯುವಾಗ ದೋಣಿಯಲ್ಲಿ ನಿಂತಂತೆ ಓಲಾಡುವುದು ಮತ್ತೊಂದು. ಮೂರಕ್ಕೂ ನಾವು ಬಳಸುವುದು ಒಂದೇ ಪದ. ‘ಜೋಮು ಹಿಡಿದಿದೆ’ ಎನ್ನುವವರಲ್ಲಿ ಕೆಲವರಿಗೆ ಇರುವೆ ಹರಿದಂತೆ ಆಗುತ್ತಿರುತ್ತದೆ, ಕೆಲವರಿಗೆ ಮುಟ್ಟಿದ್ದೇ ಗೊತ್ತಾಗುತ್ತಿರುವುದಿಲ್ಲ, ಇನ್ನು ಕೆಲವರಿಗೆ ಸ್ಪರ್ಶ ಸರಿಯಾಗಿದ್ದು ಕೈಯಲ್ಲಿ ಬಲವೇ ಇರುವುದಿಲ್ಲ. ‘ನರ ದೌರ್ಬಲ್ಯ’ ಎಂಬ ಪದವನ್ನಂತೂ ಸುಸ್ತು, ನಿದ್ದೆಗೇಡು, ಚಿಂತೆ, ಸ್ನಾಯುವಿನ ನಿಶ್ಶಕ್ತಿ ಎಲ್ಲಕ್ಕೂ ಬಳಸುತ್ತೇವೆ. ಅದರಿಂದ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ಹಾಗಾಗಿ ಕಾಯಿಲೆಯ ಹೆಸರನ್ನು ಹೇಳುವ ಬದಲು ಮೈಗೆ ಆದದ್ದನ್ನು ಹೇಳಿ. ‘ಚಪ್ಪಲಿ ಕಾಲಿನಿಂದ ಜಾರಿ ಹೋದರೂ ಗೊತ್ತಾಗುವುದಿಲ್ಲ’, ‘ಮೆಟ್ಟಿಲು ಹತ್ತಬಲ್ಲೆ, ಆದರೆ ನೆಲದಿಂದ ಏಳಲು ಕೈ ಊರಬೇಕು’, ‘ಅನ್ನ ಕಲಸುವಾಗ ಬೆರಳು ಸೋಲುತ್ತದೆ’ ಎಂಬಂಥ ವಾಕ್ಯಗಳು ನರದ ತೊಂದರೆ ಎಲ್ಲಿದೆ ಎಂಬುದರತ್ತ ನೇರವಾಗಿ ಬೆರಳು ತೋರಿಸುತ್ತವೆ.

ಕಂಡವರನ್ನು ಕರೆದೊಯ್ಯಿರಿ. ಫಿಟ್ಸ್ ಬಂದ ವ್ಯಕ್ತಿಗೆ ಆ ಹೊತ್ತಿನ ನೆನಪು ಬಹುತೇಕ ಇರುವುದಿಲ್ಲ. ಪಕ್ಕದಲ್ಲಿದ್ದ ಹೆಂಡತಿಯೋ, ತರಗತಿಯ ಗೆಳೆಯನೋ, ಹೊಲದಲ್ಲಿ ಜೊತೆಗಿದ್ದವರೋ ಬರುವುದು ಅಗತ್ಯ. ಅವರು ಬರಲಾಗದಿದ್ದರೆ ಫೋನಿನಲ್ಲಿ ಮಾತನಾಡಲು ಸಿದ್ಧರಿರಲಿ. ಕುತ್ತಿಗೆ ಯಾವ ಕಡೆಗೆ ತಿರುಗಿತು, ಕಣ್ಣು ತೆರೆದಿತ್ತೇ, ಯಾವ ಕೈ ಮೊದಲು ಅದುರಿತು, ನಾಲಿಗೆ ಕಚ್ಚಿತೇ, ಬಟ್ಟೆಯಲ್ಲಿ ಮೂತ್ರವಾಯಿತೇ, ಸರಿಹೋಗಲು ಎಷ್ಟು ಹೊತ್ತು ಹಿಡಿಯಿತು ಎಂದು ವೈದ್ಯರು ಕೇಳುತ್ತಾರೆ. ಮತ್ತೊಮ್ಮೆ ಬಂದರೆ, ರೋಗಿಯನ್ನು ಒಂದು ಮಗ್ಗುಲಿಗೆ ಹೊರಳಿಸಿ ಅಪಾಯವಿಲ್ಲದ ಸ್ಥಿತಿಗೆ ತಂದ ಮೇಲೆ ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಿ. ಒಂದು ನಿಮಿಷದ ವಿಡಿಯೊ ಅರ್ಧ ಗಂಟೆಯ ವರ್ಣನೆಗಿಂತ ಹೆಚ್ಚು ಹೇಳುತ್ತದೆ. ಕೈಯಲ್ಲಿ ಕಬ್ಬಿಣದ ಬೀಗದ ಕೈ ಹಿಡಿಸುವುದು, ಈರುಳ್ಳಿ ಅಥವಾ ಚಪ್ಪಲಿ ಮೂಸಿಸುವುದು, ಹಲ್ಲಿನ ನಡುವೆ ಚಮಚ ತುರುಕುವುದು ಇವುಗಳಿಂದ ಫಿಟ್ಸ್ ನಿಲ್ಲುವುದಿಲ್ಲ. ತಾನಾಗಿಯೇ ನಿಲ್ಲುವ ಹೊತ್ತಿಗೆ ಕೈಗೆ ಕೀಲಿ ಕೊಟ್ಟಿರುತ್ತಾರೆ, ಅಷ್ಟೆ. ಚಮಚದಿಂದ ಹಲ್ಲು ಮುರಿದು ಉಸಿರಾಟಕ್ಕೆ ಅಡ್ಡಿಯಾಗುವ ಅಪಾಯ ಮಾತ್ರ ನಿಜವಾದದ್ದು.

ಔಷಧಿಗಳ ಪಟ್ಟಿಯನ್ನು ನೆನಪಿನಿಂದ ಬರೆಯಬೇಡಿ; ಮಾತ್ರೆಯ ಹಾಳೆಗಳನ್ನೇ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಸಕ್ಕರೆ ಕಾಯಿಲೆ, ಬಿ.ಪಿ., ಥೈರಾಯ್ಡ್ ಮಾತ್ರೆಗಳ ಜೊತೆಗೆ, ಅಂಗಡಿಯಿಂದ ತಂದು ನುಂಗುವ ನೋವಿನ ಮಾತ್ರೆ, ನಾಟಿ ವೈದ್ಯರು ಪೊಟ್ಟಣ ಕಟ್ಟಿಕೊಟ್ಟ ಪುಡಿ, ಲೇಹ್ಯ ಎಲ್ಲವೂ ಅದರಲ್ಲಿರಲಿ. ಬೈಯುತ್ತಾರೆಂದು ಮುಚ್ಚಿಡುವುದರಿಂದ ನಷ್ಟ ನಿಮಗೇ. ತಲೆನೋವಿಗೆ ತಿಂಗಳಲ್ಲಿ 10ರಿಂದ 15 ದಿನಕ್ಕಿಂತ ಹೆಚ್ಚು ನೋವಿನ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಆ ಮಾತ್ರೆಯೇ ತಲೆನೋವಿಗೆ ಕಾರಣವಾಗಿರಬಹುದು. ಹಳೆಯ ಸ್ಕ್ಯಾನ್ ಮಾಡಿಸಿದ್ದರೆ ಅದರ ವರದಿ ಮಾತ್ರ ಸಾಲದು, ಫಿಲ್ಮ್ ಅಥವಾ ಸಿ.ಡಿ.ಯನ್ನೂ ಒಯ್ಯಬೇಕು, ನರರೋಗ ತಜ್ಞರು ಚಿತ್ರವನ್ನು ತಾವೇ ನೋಡಲು ಬಯಸುತ್ತಾರೆ. ಎಲ್ಲ ಕಾಗದಗಳನ್ನು ತಾರೀಖಿನ ಪ್ರಕಾರ ಜೋಡಿಸಿಟ್ಟರೆ ವೈದ್ಯರ ಸಮಯ ಕಾಗದ ಹುಡುಕುವುದರಲ್ಲಿ ಹೋಗುವುದಿಲ್ಲ.

ಹೊರಡುವ ದಿನ

ಬೇರೆ ರೀತಿ ಹೇಳಿಲ್ಲದಿದ್ದರೆ ಎಂದಿನಂತೆ ತಿಂಡಿ ತಿಂದು, ಎಂದಿನ ಮಾತ್ರೆಗಳನ್ನು ನುಂಗಿಯೇ ಹೋಗಿ. ದೊಡ್ಡ ಸರ್ಕಾರಿ ಆಸ್ಪತ್ರೆಯಾದರೆ ಬೆಳಿಗ್ಗೆಯೇ ಚೀಟಿ ಮಾಡಿಸಬೇಕಾಗುತ್ತದೆ, ಸಂಜೆಯವರೆಗೂ ಇರಬೇಕಾಗಬಹುದು. ಬುತ್ತಿ, ನೀರು, ಮಧ್ಯಾಹ್ನದ ಮಾತ್ರೆ ಕೈಯಲ್ಲಿರಲಿ. ಮೊಣಕಾಲಿನವರೆಗೆ ಸುಲಭವಾಗಿ ಮೇಲೆತ್ತಬಹುದಾದ, ತೋಳು ಸಡಿಲವಿರುವ ಬಟ್ಟೆ ಮತ್ತು ಬೇಗ ಬಿಚ್ಚಬಹುದಾದ ಚಪ್ಪಲಿ ಒಳ್ಳೆಯದು. ತಜ್ಞರನ್ನು ಕಾಣುವ ಮೊದಲು ಕಿರಿಯ ವೈದ್ಯರೊಬ್ಬರು ಎಲ್ಲವನ್ನೂ ಕೇಳಿ ಬರೆದುಕೊಳ್ಳುವುದು ಬೋಧನಾ ಆಸ್ಪತ್ರೆಗಳ ಪದ್ಧತಿ. ಅವರಿಗೂ ಅಷ್ಟೇ ಶ್ರದ್ಧೆಯಿಂದ ಉತ್ತರಿಸಿ, ಏಕೆಂದರೆ ಹಿರಿಯರು ಓದುವುದು ಅದನ್ನೇ.

ವೈದ್ಯರು ಕೇಳುವ ಪ್ರಶ್ನೆಗಳು

ಪ್ರಶ್ನೆಗಳು ಎಲ್ಲಿಂದೆಲ್ಲಿಗೋ ಹೋಗುತ್ತಿವೆ ಎಂದು ನಿಮಗೆ ಅನಿಸಬಹುದು. ತಲೆನೋವಿಗೆಂದು ಹೋದವರನ್ನು ನಿದ್ದೆ, ಮುಟ್ಟು, ಬೆಳಕಿನ ಕಿರಿಕಿರಿ, ವಾಂತಿಗಳ ಬಗ್ಗೆ ಕೇಳುತ್ತಾರೆ. ಕಾಲು ಉರಿಗೆಂದು ಹೋದವರನ್ನು ಊಟದಲ್ಲಿ ಹಾಲು, ಮೊಟ್ಟೆ, ಮಾಂಸ ಇದೆಯೇ ಎಂದು ಕೇಳುತ್ತಾರೆ, ಏಕೆಂದರೆ ಬಿ12 ಜೀವಸತ್ವದ ಕೊರತೆಯಿಂದ ನರಗಳು ಕೆಡುತ್ತವೆ. ಫಿಟ್ಸ್‌ಗೆ ಸಂಬಂಧಿಸಿ ನಮ್ಮ ನಾಡಿಗೇ ವಿಶೇಷವಾದ ಒಂದು ಪ್ರಶ್ನೆಯಿದೆ: ‘ತಲೆಗೆ ಬಿಸಿನೀರು ಹುಯ್ದುಕೊಳ್ಳುವಾಗ ಬಂತೇ?’ ಹಂಡೆಯಲ್ಲಿ ಕಾದ ನೀರನ್ನು ಚೊಂಬಿನಲ್ಲಿ ಮೊಗೆದು ಒಂದೇ ಸಮನೆ ನೆತ್ತಿಗೆ ಸುರಿದುಕೊಳ್ಳುವಾಗ ಕೆಲವರಿಗೆ ಮಾತು ತಪ್ಪುತ್ತದೆ, ನೋಟ ಒಂದೇ ಕಡೆ ನಿಲ್ಲುತ್ತದೆ, ಕೆಲವರು ಬೀಳುತ್ತಾರೆ. ಬಿಸಿನೀರಿನ ಮೂರ್ಛೆ ಎಂದು ಕರೆಯುವ ಈ ಬಗೆ ಜಗತ್ತಿನ ಬೇರೆಡೆ ಅಪರೂಪ. ದಕ್ಷಿಣ ಕರ್ನಾಟಕದಿಂದ ಹೆಚ್ಚಾಗಿ ವರದಿಯಾಗಿದ್ದು, ಬೆಂಗಳೂರಿನ ವೈದ್ಯರು ಇದನ್ನು ದಶಕಗಳಿಂದ ಅಧ್ಯಯನ ಮಾಡಿದ್ದಾರೆ. ನೀರಿನ ಬಿಸಿ ಕಡಿಮೆ ಮಾಡುವುದರಿಂದಲೇ ಹಲವರಿಗೆ ಹತೋಟಿಗೆ ಬರುತ್ತದೆ. ಬಚ್ಚಲಲ್ಲಿ ಬಿದ್ದದ್ದನ್ನು ಕಾಲು ಜಾರಿತು ಎಂದು ಹೇಳಿ ಮುಗಿಸಿದರೆ ಈ ಸುಳಿವು ಕೈತಪ್ಪಿ ಹೋಗುತ್ತದೆ.

ಕುಡಿತ, ತಂಬಾಕು, ಲೈಂಗಿಕ ಆರೋಗ್ಯ, ಮೂತ್ರದ ಹಿಡಿತ, ಮನಸ್ಸಿನ ಬೇಸರ ಇವುಗಳ ಬಗ್ಗೆಯೂ ಕೇಳುತ್ತಾರೆ. ಮಾವನವರ ಎದುರಿಗೆ ಸೊಸೆಯೂ, ತಂದೆಯ ಎದುರಿಗೆ ಮಗನೂ ಇವಕ್ಕೆ ಉತ್ತರಿಸುವುದು ಕಷ್ಟ. ‘ಎರಡು ನಿಮಿಷ ಒಬ್ಬಳೇ ಮಾತನಾಡಬೇಕು ಡಾಕ್ಟರೇ’ ಎಂದು ಕೇಳಿಕೊಳ್ಳಲು ಹಿಂಜರಿಯಬೇಡಿ. ಜೊತೆಗೆ ಬಂದ ಹಿರಿಯರೂ ಅದನ್ನು ಅರಿತು ತಾವಾಗಿಯೇ ಹೊರಗೆ ಕುಳಿತರೆ ಒಳ್ಳೆಯದು. ಮಗುವನ್ನು ಪಡೆಯುವ ಯೋಚನೆಯಿರುವ ಹೆಣ್ಣುಮಕ್ಕಳು ಅದನ್ನು ಮೊದಲ ಭೇಟಿಯಲ್ಲೇ ಹೇಳಬೇಕು. ಫಿಟ್ಸ್‌ಗೆ ಕೊಡುವ ವಾಲ್ಪ್ರೊಯೇಟ್‌ನಂಥ ಔಷಧಿ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡಬಲ್ಲದು, ಬೇರೆ ಔಷಧಿಯನ್ನು ಮೊದಲೇ ಆರಿಸಬಹುದು.

ಮೈಮುಟ್ಟಿ ಮಾಡುವ ಪರೀಕ್ಷೆ

ನೀವು ಬಾಗಿಲಿನಿಂದ ಕುರ್ಚಿಯವರೆಗೆ ನಡೆದು ಬರುವಾಗಲೇ ಪರೀಕ್ಷೆ ಆರಂಭವಾಗಿರುತ್ತದೆ. ಕೈ ಬೀಸುತ್ತಿದೆಯೇ, ಹೆಜ್ಜೆ ಚಿಕ್ಕದಾಗಿದೆಯೇ, ಕಾಲು ಎಳೆಯುತ್ತಿದೆಯೇ ಎಂದು ಅವರು ಗಮನಿಸುತ್ತಾರೆ. ಹಾಗಾಗಿ ನಡೆಯಬಲ್ಲ ಹಿರಿಯರನ್ನು ಗೌರವದಿಂದಲೇ ಆದರೂ ತೋಳು ಹಿಡಿದು ನಡೆಸಿಕೊಂಡು ಹೋಗಬೇಡಿ. ಬೀಳದಂತೆ ಹತ್ತಿರದಲ್ಲಿದ್ದರೆ ಸಾಕು.

ಬಳಿಕ ಕಣ್ಣಿನ ಚಲನೆ, ಮುಖದ ಸ್ನಾಯು, ನಾಲಿಗೆ ನೋಡುತ್ತಾರೆ. ಸಣ್ಣ ದೀಪದ ಉಪಕರಣವನ್ನು ಕಣ್ಣಿನ ತೀರ ಹತ್ತಿರ ಹಿಡಿದು ಒಳಗೆ ನೋಡುವುದು ದೃಷ್ಟಿ ಪರೀಕ್ಷೆಗಲ್ಲ; ತಲೆಬುರುಡೆಯೊಳಗೆ ಒತ್ತಡ ಹೆಚ್ಚಿದ್ದರೆ ಕಣ್ಣಿನ ಹಿಂಭಾಗದ ನರ ಊದಿಕೊಂಡಿರುವುದು ಅಲ್ಲಿ ಕಾಣುತ್ತದೆ. ಎರಡೂ ಕೈಗಳನ್ನು ಮುಂದಕ್ಕೆ ಚಾಚಿ ಕಣ್ಣು ಮುಚ್ಚಲು ಹೇಳಿ, ಒಂದು ಕೈ ಮೆಲ್ಲಗೆ ಕೆಳಗಿಳಿಯುತ್ತದೆಯೇ ಎಂದು ನೋಡುತ್ತಾರೆ. ‘ನನ್ನ ಕೈಯನ್ನು ತಳ್ಳಿ’ ಎಂದಾಗ ಸಂಕೋಚವಿಲ್ಲದೆ ಪೂರ್ಣ ಬಲ ಹಾಕಿ. ರಬ್ಬರ್ ತುದಿಯ ಸುತ್ತಿಗೆಯಿಂದ ಮಂಡಿಯ ಕೆಳಗೆ ಮೆಲ್ಲಗೆ ಹೊಡೆದಾಗ ಕಾಲು ತಾನಾಗಿ ಚಿಮ್ಮುವುದು ಪರಾವರ್ತಿತ ಪ್ರತಿಕ್ರಿಯೆ. ಅದು ತೀರ ಕಡಿಮೆಯಿದ್ದರೆ ನರದಲ್ಲಿ, ವಿಪರೀತ ಹೆಚ್ಚಿದ್ದರೆ ಮೆದುಳು ಅಥವಾ ಬೆನ್ನುಹುರಿಯಲ್ಲಿ ತೊಂದರೆಯಿರಬಹುದೆಂಬ ಸೂಚನೆ ಸಿಗುತ್ತದೆ. ಅಂಗಾಲನ್ನು ಹಿಮ್ಮಡಿಯಿಂದ ಬೆರಳಿನ ಕಡೆಗೆ ಗೀರುವುದು ಕಚಗುಳಿಯಂತೆ ಇರುತ್ತದೆ. ದೊಡ್ಡವರಲ್ಲಿ ಹೆಬ್ಬೆರಳು ಕೆಳಗೆ ಬಾಗುವ ಬದಲು ಮೇಲೆದ್ದರೆ ಅದು ಮೆದುಳು ಅಥವಾ ಬೆನ್ನುಹುರಿಯ ತೊಂದರೆಯ ಸೂಚನೆಯೆಂದು ಪ್ಯಾರಿಸ್ಸಿನ ವೈದ್ಯ ಜೋಸೆಫ್ ಬಾಬಿನ್‌ಸ್ಕಿ 1896ರಲ್ಲಿ ತೋರಿಸಿಕೊಟ್ಟರು. ಇಷ್ಟೆಲ್ಲ ಯಂತ್ರಗಳು ಬಂದ ಮೇಲೂ ಆ ಗೀರು ಇಂದಿಗೂ ಉಳಿದಿದೆ. ಹತ್ತಿ, ಮೊನೆಯಿರುವ ಕಡ್ಡಿ, ಮತ್ತು ತಟ್ಟಿದರೆ ಕಂಪಿಸುವ ಟ್ಯೂನಿಂಗ್ ಫೋರ್ಕ್ ಎಂಬ ಕವೆಯಿಂದ ಸ್ಪರ್ಶವನ್ನು ಪರೀಕ್ಷಿಸುತ್ತಾರೆ. ಸರಿಯುತ್ತರ ಹೇಳಬೇಕೆಂದು ಊಹಿಸಬೇಡಿ, ಗೊತ್ತಾಗದಿದ್ದರೆ ಗೊತ್ತಾಗಲಿಲ್ಲ ಎನ್ನಿ.

ಮರೆವಿಗೆ ಸಂಬಂಧಿಸಿದ ಪರೀಕ್ಷೆಯಲ್ಲಿ ಮನೆಯವರು ಮಾಡುವ ಒಂದು ತಪ್ಪನ್ನು ಹೇಳಲೇಬೇಕು. ಮೂರು ಪದಗಳನ್ನು ಹೇಳಿ ಕೆಲವು ನಿಮಿಷದ ನಂತರ ಕೇಳುವುದು, ನೂರರಿಂದ ಏಳೇಳು ಕಳೆಯುವುದು, ಗಡಿಯಾರದ ಚಿತ್ರ ಬರೆಯುವುದು, ಇಂದು ಯಾವ ವಾರ, ಯಾವ ಊರು ಎನ್ನುವುದು ಇದರಲ್ಲಿರುತ್ತದೆ. ಓದು ಬಾರದವರಿಗೆ ಸಂತೆಯ ಚಿಲ್ಲರೆ ಲೆಕ್ಕದಂಥ ಪ್ರಶ್ನೆಗಳನ್ನು ಕೇಳಬಹುದು. ಅಮ್ಮ ತಡವರಿಸುವುದನ್ನು ನೋಡಲಾರದೆ ಪಕ್ಕದಲ್ಲಿ ಕುಳಿತ ಮಗಳು ಮೆಲ್ಲಗೆ ‘ಗುರುವಾರ’ ಎಂದುಬಿಡುತ್ತಾಳೆ. ಅದು ಪ್ರೀತಿಯಿಂದ ಬಂದ ಮಾತು, ಆದರೆ ಅದರಿಂದ ಪರೀಕ್ಷೆಯೇ ಕೆಡುತ್ತದೆ. ಆ ಹತ್ತು ನಿಮಿಷ ಮನಸ್ಸು ಗಟ್ಟಿ ಮಾಡಿಕೊಂಡು ಸುಮ್ಮನಿರಿ. ಹಣ ಎಣಿಸುವಾಗ, ಒಲೆ ಆರಿಸುವಾಗ, ಪರಿಚಿತ ದಾರಿಯಲ್ಲಿ ಬರುವಾಗ ಏನೇನು ತಪ್ಪುತ್ತಿದೆ ಎಂದು ವೈದ್ಯರು ನಿಮ್ಮನ್ನು ಬೇರೆಯಾಗಿ ಕೇಳುತ್ತಾರೆ.

ಬರೆದುಕೊಡಬಹುದಾದ ಪರೀಕ್ಷೆಗಳು

ಎಲ್ಲರಿಗೂ ಎಲ್ಲ ಪರೀಕ್ಷೆ ಬೇಕಾಗುವುದಿಲ್ಲ, ಕೆಲವರಿಗೆ ಯಾವುದೂ ಬೇಕಾಗುವುದಿಲ್ಲ. ಸ್ಕ್ಯಾನ್ ಬರೆಯದ ವೈದ್ಯರು ಸರಿಯಾಗಿ ನೋಡಲಿಲ್ಲ ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ, ಅದು ಸರಿಯಲ್ಲ.

ಇ.ಇ.ಜಿ. ಎಂದರೆ ತಲೆಗೆ ಸಣ್ಣ ಸಣ್ಣ ತಂತಿಗಳನ್ನು ಅಂಟಿಸಿ ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವುದು. ನೋವಿಲ್ಲ, ಶಾಕ್ ಕೊಡುವುದಿಲ್ಲ. ಹಿಂದಿನ ದಿನ ತಲೆ ತೊಳೆದು ಎಣ್ಣೆ ಹಚ್ಚದೆ ಹೋಗಬೇಕು. ಕೆಲವೊಮ್ಮೆ ರಾತ್ರಿ ಕಡಿಮೆ ನಿದ್ದೆ ಮಾಡಿ ಬರಲು ಹೇಳುತ್ತಾರೆ. ಪರೀಕ್ಷೆಯ ನಡುವೆ ಜೋರಾಗಿ ಉಸಿರಾಡಿಸುತ್ತಾರೆ, ಮಿನುಗುವ ಬೆಳಕು ಬಿಡುತ್ತಾರೆ. ಫಿಟ್ಸ್ ಇರುವವರ ಇ.ಇ.ಜಿ. ಕೂಡ ಸರಿಯಾಗಿಯೇ ಬರಬಹುದು, ಆದ್ದರಿಂದ ಅದೊಂದನ್ನೇ ನೋಡಿ ಔಷಧಿ ಬಿಡಬಾರದು.

ಎಂ.ಆರ್.ಐ. ಯಂತ್ರ ದೊಡ್ಡ ಅಯಸ್ಕಾಂತ. ಅದರಲ್ಲಿ ಎಕ್ಸ್‌ರೇ ವಿಕಿರಣವಿಲ್ಲ, ಆದರೆ ಮೈಮೇಲೆ ಲೋಹ ಇರಬಾರದು. ಮಾಂಗಲ್ಯ, ಕಾಲುಂಗುರ, ಬಳೆ, ಕೂದಲಿನ ಪಿನ್ನು, ಕುಪ್ಪಸದ ಹುಕ್ಕು ಎಲ್ಲವನ್ನೂ ತೆಗೆಯಬೇಕಾಗುತ್ತದೆ. ಮಾಂಗಲ್ಯ ತೆಗೆಯಲು ಮನಸ್ಸೊಪ್ಪದ ತಾಯಂದಿರಿಗೆ ಅರಿಶಿನದ ದಾರಕ್ಕೆ ಅರಿಶಿನ ಕೊಂಬು ಕಟ್ಟಿ ಮನೆಯಿಂದಲೇ ಹಾಕಿ ಕರೆತಂದರೆ, ಕೊನೆಯ ಗಳಿಗೆಯಲ್ಲಿ ಕಣ್ಣೀರು ಹಾಕುವ ಪ್ರಸಂಗ ಬರುವುದಿಲ್ಲ. ವರ್ಷಗಟ್ಟಲೆ ತೆಗೆಯದ ಮೂಗುತಿಯ ತಿರುಪು ಬಿಗಿದುಕೊಂಡಿರುತ್ತದೆ. ಹಿಂದಿನ ದಿನವೇ ಅಕ್ಕಸಾಲಿಗರಲ್ಲಿ ಬಿಚ್ಚಿಸಿಕೊಂಡು ಬನ್ನಿ. ಎದೆಯಲ್ಲಿ ಪೇಸ್‌ಮೇಕರ್, ತಲೆಯ ರಕ್ತನಾಳದಲ್ಲಿ ಕ್ಲಿಪ್, ಕಿವಿಯೊಳಗೆ ಅಳವಡಿಸಿದ ಯಂತ್ರ ಇದ್ದರೆ, ಅಥವಾ ಲೇತ್, ವೆಲ್ಡಿಂಗ್ ಕೆಲಸದಲ್ಲಿ ಕಣ್ಣಿಗೆ ಲೋಹದ ಚೂರು ಸಿಡಿದಿದ್ದರೆ ಮೊದಲೇ ಹೇಳಬೇಕು. ಯಂತ್ರದೊಳಗೆ ಜೋರು ಸದ್ದಿರುತ್ತದೆ, ಸುಮಾರು ಅರ್ಧ ಗಂಟೆ ಅಲ್ಲಾಡದೆ ಮಲಗಿರಬೇಕು. ಇಕ್ಕಟ್ಟಿಗೆ ಹೆದರುವವರು ಮುಂಚಿತವಾಗಿ ತಿಳಿಸಿದರೆ ನಿದ್ದೆಯ ಔಷಧಿ ಕೊಡುವ ವ್ಯವಸ್ಥೆ ಮಾಡುತ್ತಾರೆ. ಚಿತ್ರ ಸ್ಪಷ್ಟವಾಗಿ ಕಾಣಲೆಂದು ಕೆಲವೊಮ್ಮೆ ಬಣ್ಣದ ಇಂಜೆಕ್ಷನ್ ಕೊಡುತ್ತಾರೆ; ಮೂತ್ರಪಿಂಡದ ತೊಂದರೆಯಿದ್ದರೆ ಅದಕ್ಕೆ ಮೊದಲೇ ತಿಳಿಸಿ. ಸಿ.ಟಿ. ಸ್ಕ್ಯಾನ್ ಕೆಲವೇ ನಿಮಿಷದ್ದು.

ನರಗಳ ವೇಗವನ್ನು ಅಳೆಯುವ ಪರೀಕ್ಷೆಯಲ್ಲಿ ಕೈಕಾಲಿಗೆ ಸಣ್ಣ ಶಾಕ್ ಕೊಡುತ್ತಾರೆ, ಕೆಲವೊಮ್ಮೆ ಸ್ನಾಯುವಿಗೆ ತೆಳುವಾದ ಸೂಜಿ ಚುಚ್ಚುತ್ತಾರೆ. ಮೈಗೆ ಎಣ್ಣೆ ಹಚ್ಚಿರಬಾರದು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹೇಳಬೇಕು. ಜನ ಅತ್ಯಂತ ಹೆದರುವುದು ಬೆನ್ನಿನಿಂದ ನೀರು ತೆಗೆಯುವುದಕ್ಕೆ. ಅದರಿಂದ ಕಾಲು ಹೋಗುತ್ತದೆ ಎಂಬ ಮಾತು ಊರೂರಲ್ಲಿದೆ. ದೊಡ್ಡವರಲ್ಲಿ ಬೆನ್ನುಹುರಿಯು ಸೊಂಟದ ಮೊದಲ ಅಥವಾ ಎರಡನೆಯ ಮೂಳೆಯ ಮಟ್ಟದಲ್ಲೇ ಮುಗಿಯುತ್ತದೆ. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ. ಕೆಲವರಿಗೆ ಎದ್ದು ಕುಳಿತಾಗ ತಲೆನೋವು ಬಂದು ಕೆಲವು ದಿನ ಇರಬಹುದು. ಮೆದುಳು ಜ್ವರದಂಥ ಸಂದರ್ಭದಲ್ಲಿ ಈ ಪರೀಕ್ಷೆಗೆ ಮನೆಯವರು ಒಪ್ಪದೆ ತಡವಾಗಿ, ಚಿಕಿತ್ಸೆ ದಾರಿ ತಪ್ಪುವುದು ಅದಕ್ಕಿಂತ ಎಷ್ಟೋ ದೊಡ್ಡ ಅಪಾಯ.

ಕೊಠಡಿಯಿಂದ ಹೊರಬರುವ ಮೊದಲು

ಮೊದಲ ದಿನವೇ ಕಾಯಿಲೆಯ ಹೆಸರು ಸಿಗದಿರಬಹುದು. ‘ಸ್ವಲ್ಪ ದಿನ ನೋಡೋಣ’ ಎಂದು ವೈದ್ಯರು ಹೇಳಿದರೆ ಅದು ಅಲಕ್ಷ್ಯವಲ್ಲ. ಕೆಲವು ನರರೋಗಗಳು ಕಾಲ ಕಳೆದಂತೆ ಮಾತ್ರ ತಮ್ಮ ಗುಣವನ್ನು ತೋರಿಸುತ್ತವೆ. ಆದರೂ ಯಾವ ಕಾಯಿಲೆಯ ಶಂಕೆಯಿದೆ, ಔಷಧಿಯನ್ನು ಎಷ್ಟು ಕಾಲ ತೆಗೆದುಕೊಳ್ಳಬೇಕು, ಒಂದು ಹೊತ್ತು ತಪ್ಪಿದರೆ ಏನು ಮಾಡಬೇಕು, ಏನಾದರೆ ಕಾಯದೆ ಬರಬೇಕು ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ಅಲ್ಲೇ ಬರೆದುಕೊಳ್ಳಿ. ಇಂಗ್ಲಿಷಿನಲ್ಲಿ ಹೇಳಿದ್ದು ತಿಳಿಯದಿದ್ದರೆ ಕನ್ನಡದಲ್ಲಿ ಹೇಳಿ ಎಂದು ಕೇಳುವುದು ನಿಮ್ಮ ಹಕ್ಕು.

ಫಿಟ್ಸ್ ಔಷಧಿ ಆರಂಭಿಸಿದವರು ಒಂದೆರಡು ವಿಷಯಗಳನ್ನು ವಿಶೇಷವಾಗಿ ಕೇಳಬೇಕು. ಔಷಧಿಯನ್ನು ಒಮ್ಮೆಗೇ ನಿಲ್ಲಿಸಿದರೆ ಫಿಟ್ಸ್ ನಿಲ್ಲದೆ ಬರುವ ಅಪಾಯವಿದೆ. ಆದರೆ ಮೈಮೇಲೆ ದದ್ದು ಎದ್ದರೆ ಅದೇ ದಿನ ವೈದ್ಯರನ್ನು ಸಂಪರ್ಕಿಸಬೇಕು. ವಾಹನ ಚಾಲನೆ, ಬಾವಿ, ಕೆರೆ, ಒಲೆ, ಎತ್ತರದ ಕೆಲಸ ಇವುಗಳ ಬಗ್ಗೆ ವೈದ್ಯರು ಹೇಳುವ ನಿರ್ಬಂಧವನ್ನು ಪಾಲಿಸಿ, ಸ್ನಾನದ ಮನೆಯ ಚಿಲಕ ಹಾಕದಿರಿ. ಹೆಣ್ಣಿಗೆ ಫಿಟ್ಸ್ ಇದೆಯೆಂದರೆ ಮದುವೆಯೇ ಮುರಿಯುತ್ತದೆ ಎಂಬ ಹೆದರಿಕೆಯಿಂದ ಮಾತ್ರೆ ಮುಚ್ಚಿಟ್ಟು, ಅತ್ತೆಮನೆಯಲ್ಲಿ ನುಂಗಲಾಗದೆ ಬಿಟ್ಟು, ಮತ್ತೆ ಆಸ್ಪತ್ರೆ ಸೇರಿದವರು ನನ್ನ ಬಳಗದಲ್ಲೇ ಇದ್ದಾರೆ. ಹಿಂದೂ ವಿವಾಹ ಕಾಯಿದೆಯಲ್ಲಿ ಮದುವೆಗೆ ಅಡ್ಡಿಯೆಂದು ಇದ್ದ ಮೂರ್ಛೆರೋಗದ ಉಲ್ಲೇಖವನ್ನು 1999ರ ತಿದ್ದುಪಡಿಯಲ್ಲಿ ತೆಗೆದುಹಾಕಲಾಗಿದೆ ಎಂಬುದು ಹೆಣ್ಣು ಹೆತ್ತವರಿಗೆ ತಿಳಿದಿರಲಿ.

ಮನೆಗೆ ಬಂದ ಮೇಲೆ ಒಂದು ಚಿಕ್ಕ ನೋಟ್‌ಬುಕ್ ತೆರೆಯಿರಿ. ತಲೆನೋವಾದರೆ ಬಂದ ದಿನ, ಎಷ್ಟು ಗಂಟೆ ಇತ್ತು, ನುಂಗಿದ ಮಾತ್ರೆ. ಫಿಟ್ಸ್ ಆದರೆ ದಿನ, ಸಮಯ, ಹಿಂದಿನ ರಾತ್ರಿಯ ನಿದ್ದೆ, ಮಾತ್ರೆ ತಪ್ಪಿತ್ತೇ ಎಂಬುದು. ನಡುಕವಾದರೆ ಮಾತ್ರೆ ನುಂಗಿದ ಹೊತ್ತು ಮತ್ತು ಕೈ ಸಡಿಲಾದ ಹೊತ್ತು. ನಮ್ಮ ತಂದೆಯವರು ಈಗ ಪ್ರತಿದಿನ ಬೆಳಿಗ್ಗೆ ತಾರೀಖು ಹಾಕಿ, ಅದರ ಕೆಳಗೆ ಅದೇ ವಿಳಾಸವನ್ನು ಒಂದು ಸಾಲು ಬರೆಯುತ್ತಾರೆ, ಮತ್ತು ಪ್ರತಿ ಭೇಟಿಯಲ್ಲೂ ವೈದ್ಯರು ಮೊದಲು ತೆರೆದು ನೋಡುವುದು ಆ ಪುಸ್ತಕವನ್ನೇ.